ಕೊಡಗಿನ ಮಳೆಯಲ್ಲಿ ಕೋವಿಗೆ ಯಾವ ಲೇಪ?

ಕೊಡಗಿನಲ್ಲಿ ಕೋವಿ ಇಟ್ಟುಕೊಂಡವರಿಗೆ ಪರವಾನಗಿಗಿಂತ ತುಕ್ಕಿನ ಚಿಂತೆಯೇ ಹೆಚ್ಚು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ನಿಯಮದಿಂದ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇದೆ, ಈಗಿನದು 2029ರವರೆಗೆ. ಮಳೆಯಿಂದ ವಿನಾಯಿತಿ ಕೊಡಿಸುವ ಸರ್ಕಾರ ಮಾತ್ರ ಇನ್ನೂ ಬಂದಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಯಲ್ಲಿ ಉಕ್ಕಿನ ನಳಿಗೆ ಸುಮ್ಮನೆ ಹೇಗಿದ್ದೀತು?

ನಮ್ಮ ಮನೆಯಲ್ಲಿರುವುದು ಎರಡು. ಒಂದು ಅಜ್ಜನ ಕಾಲದ 12 ಬೋರ್ ಜೋಡಿ ನಳಿಗೆ ಕೋವಿ. ಇನ್ನೊಂದು ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .315 ರೈಫಲ್, ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಕಟ್ಟನ್ನೇ ನಾಗರಿಕರ ತೋಟೆಗೆ ಹೊಂದಿಸಿದ ಗಟ್ಟಿ ಆಳು. ಎರಡರಲ್ಲೂ ಕೈ ಹಿಡಿಯುವ ಜಾಗದಲ್ಲಿ ಬ್ಲೂಯಿಂಗ್ ಸವೆದು ಬೆಳ್ಳಗಿನ ಉಕ್ಕು ಕಾಣುತ್ತಿತ್ತು. ಬ್ಲೂಯಿಂಗ್ ಎಂದರೆ ಮೇಲೆ ಬಳಿದ ಬಣ್ಣವಲ್ಲ, ಉಕ್ಕಿನ ಮೈಯೇ ಕಪ್ಪು ಆಕ್ಸೈಡ್ ಆಗಿ ಮಾರ್ಪಟ್ಟ ಪದರ. ದಪ್ಪ ಸುಮಾರು ಒಂದು ಮೈಕ್ರಾನ್. ನೋಡಲು ಚೆಂದ, ಎಣ್ಣೆ ಹಿಡಿದುಕೊಳ್ಳುತ್ತದೆ. ಎಣ್ಣೆ ಆರಿದ ಮೇಲೆ ಅದರ ಕಾವಲು ಹೆಸರಿಗೆ ಮಾತ್ರ.

ಅಂಗಡಿಯವರ ಮಾತು ಕೇಳಿ ಆರಿಸುವ ಬದಲು ನಾನೇ ನೋಡೋಣ ಎಂದುಕೊಂಡೆ. ಒಂದೇ ಉಕ್ಕಿನ ಪಟ್ಟಿಯಿಂದ ಬೆರಳುದ್ದದ ತುಂಡುಗಳನ್ನು ಕತ್ತರಿಸಿದೆ. ಒಂದಕ್ಕೆ ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹಚ್ಚಿದೆ. ಕೆಲವಕ್ಕೆ ಮ್ಯಾಂಗನೀಸ್ ಫಾಸ್ಫೇಟ್ ಲೇಪ ಹಾಕಿಸಿದೆ, ಇನ್ನು ಕೆಲವಕ್ಕೆ ಒಲೆಯಲ್ಲಿ ಬೇಯಿಸುವ ಸೆರಾಮಿಕ್ ಲೇಪ. ಪ್ರತಿಯೊಂದರ ಮೇಲೂ ಮೊಳೆಯಿಂದ ಉದ್ದಕ್ಕೆ ಒಂದು ಗೀರು ಎಳೆದು, ಜಡಿಮಳೆಯ ದಿನಗಳಲ್ಲಿ ಹಿಂಬದಿಯ ಸೂರಿಗೆ ತಂತಿಯಲ್ಲಿ ನೇತುಹಾಕಿದೆ. ಬಟ್ಟೆ ಒಣಹಾಕುವ ಜಾಗ ಹೋಯಿತೆಂದು ಮನೆಯಲ್ಲಿ ಬೈಗುಳ ತಿಂದದ್ದೂ ಉಂಟು.

ಮೊದಲು ಸೋತದ್ದು ಕೋಲ್ಡ್ ಬ್ಲೂ. ಸೆಲೆನಿಯಮ್ಮಿನ ಆ ದ್ರಾವಣ ಸಣ್ಣ ಗೀರು ಮುಚ್ಚಲು ಸರಿ, ಇಡೀ ಕೋವಿಗೆ ನಂಬುವಂಥದ್ದಲ್ಲ. ಫಾಸ್ಫೇಟಿನದು ಬೇರೆಯೇ ಕಥೆ. ಒಣಗಿದ್ದ ತುಂಡು ಬೇಗನೆ ಕೆಂಪಾಯಿತು. ಎಣ್ಣೆಯಲ್ಲಿ ಅದ್ದಿ ಒರೆಸಿದ್ದು ಮಳೆಗಾಲ ಮುಗಿಯುವವರೆಗೂ ಬೂದುಬಣ್ಣ ಬಿಡಲಿಲ್ಲ. ಅದರ ಮೈಯಲ್ಲೆಲ್ಲ ಸೂಕ್ಷ್ಮ ರಂಧ್ರಗಳು, ದೋಸೆಯ ಕಣ್ಣುಗಳು ತುಪ್ಪ ಹೀರಿದಂತೆ ಎಣ್ಣೆ ಹೀರಿಕೊಳ್ಳುತ್ತವೆ. ಸೆರಾಮಿಕ್ ಲೇಪದ ತುಂಡು ಹೊಸದರಂತೆಯೇ ಇತ್ತು. ಮೊಳೆಯ ಗೀರಿನ ಗುಂಟ ಮಾತ್ರ ತೆಳುವಾದ ಕಂದು ಗೆರೆ ಮೂಡಿತ್ತು. ಉಗುರಿನಿಂದ ಕೆದಕಿದರೆ ಅಂಚು ಏಳಲಿಲ್ಲ. ಸರಿಯಾಗಿ ಮರಳು ಊದಿ ಮೈ ಒರಟು ಮಾಡಿದ ಮೇಲೆ ಹಾಕಿದ ಲೇಪಕ್ಕೆ ಆ ಹಿಡಿತ ಇರುತ್ತದೆ. ನಯವಾದ ಉಕ್ಕಿನ ಮೇಲೆ ಹಾಗೆಯೇ ಸಿಂಪಡಿಸುವವರೂ ಇದ್ದಾರೆ. ಅಂಥ ಲೇಪದ ಅಡಿಯಲ್ಲಿ ತುಕ್ಕು ಕಣ್ಣಿಗೆ ಬೀಳದಂತೆ ಹರಡುತ್ತಾ ಹೋಗುತ್ತದೆ. ಬರೀ ಉಕ್ಕಿನ ತುಕ್ಕಾದರೂ ಮೊದಲ ದಿನವೇ ಕಾಣುತ್ತದೆ.

ಹಾಗಾದರೆ ಎರಡಕ್ಕೂ ಸೆರಾಮಿಕ್ ಹಾಕಿಸಿಬಿಡಬಹುದಿತ್ತಲ್ಲ ಎಂದು ತಮ್ಮ ಕೇಳಿದ. ಜೋಡಿ ನಳಿಗೆಯ ವಿಷಯದಲ್ಲಿ ಲೇಪಕ್ಕಿಂತ ಮೊದಲು ಕೋವಿಯ ಜೋಡಣೆ ನೋಡಬೇಕು. ಆ ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಗಳನ್ನೂ ಹಿಡಿದಿಟ್ಟಿರುವುದು ಸೀಸ-ತವರದ ಬೆಸುಗೆ. ಕಾರ್ಖಾನೆಗಳ ಬಿಸಿ ಬ್ಲೂಯಿಂಗ್ ಎಂದರೆ ಸುಮಾರು 140 ಡಿಗ್ರಿಯಲ್ಲಿ ಕುದಿಯುವ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ತೊಟ್ಟಿ. ಬೆಸುಗೆ ಕರಗುವುದು 183 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಶಾಖದಿಂದ ಭಯವಿಲ್ಲ ಎನಿಸಬಹುದು. ಆದರೆ ಕಾಸ್ಟಿಕ್ ಸೋಡಾ ಸೀಸವನ್ನೂ ತವರವನ್ನೂ ತಿನ್ನುತ್ತದೆ. ಪಟ್ಟಿಯ ಅಡಿಗೆ ನುಗ್ಗಿದ ಉಪ್ಪು ಎಷ್ಟು ತೊಳೆದರೂ ಹೊರಬರುವುದಿಲ್ಲ, ಒಳಗಿನಿಂದಲೇ ನಳಿಗೆಯನ್ನು ಕೊರೆಯುತ್ತದೆ. ಮರಳು ಊದುವುದಂತೂ ಬೇಡವೇ ಬೇಡ. ಹಳೆಯ ಕೆತ್ತನೆ, ಪರೀಕ್ಷೆಯ ಮುದ್ರೆ, ಕೋವಿಯ ಸಂಖ್ಯೆ ಎಲ್ಲ ಮಾಸಿಹೋದೀತು. ಗುರುತಿನ ಸಂಖ್ಯೆ ಅಳಿಸಿದ ಕೋವಿ ಇಟ್ಟುಕೊಳ್ಳುವುದು ಕಾಯ್ದೆಯ ಪ್ರಕಾರ ಅಪರಾಧ.

ಪರವಾನಗಿ ಇರುವ ಒಬ್ಬ ಹಿರಿಯ ರಿಪೇರಿಗಾರರ ಬಳಿ ಅದನ್ನು ಒಯ್ದೆ. ನಳಿಗೆಯನ್ನು ದಾರದಲ್ಲಿ ತೂಗಿಬಿಟ್ಟು ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಬೆಸುಗೆ ಬಿಟ್ಟಿದ್ದರೆ ನಾದ ಒಡೆಯುತ್ತದೆ; ನಮ್ಮದು ಗಂಟೆಯಂತೆ ನುಡಿಯಿತು. “ಇದನ್ನು ಕಾಸ್ಟಿಕ್ ತೊಟ್ಟಿಗೆ ಹಾಕಿದರೆ ನಿಮ್ಮ ಅಜ್ಜ ನನ್ನ ಕನಸಿನಲ್ಲಿ ಬಂದು ಕೇಳುತ್ತಾರೆ. ರಸ್ಟ್ ಬ್ಲೂ ಮಾಡೋಣ, ಮಳೆಗಾಲದಲ್ಲೇ ತನ್ನಿ” ಎಂದರು.

ಮಳೆಗಾಲದಲ್ಲೇ ಏಕೆ ಎಂಬುದು ಕೆಲಸ ನೋಡುತ್ತಾ ಕುಳಿತಾಗ ತಿಳಿಯಿತು. ನಳಿಗೆಯ ಬಾಯಿ ಬಿಗಿದು, ಮೈಯ ಜಿಡ್ಡನ್ನು ಪೂರ್ತಿ ತೆಗೆದು, ಆಮ್ಲ ಬೆರೆತ ದ್ರಾವಣವನ್ನು ಹತ್ತಿಯಲ್ಲಿ ತೆಳ್ಳಗೆ ಸವರಿ ತೇವದ ಕೋಣೆಯಲ್ಲಿ ತೂಗುಹಾಕುತ್ತಾರೆ. ಕೆಲವು ಗಂಟೆಗಳಲ್ಲಿ ಮೈತುಂಬ ನಯವಾದ ಕೆಂಪು ತುಕ್ಕು ಏಳುತ್ತದೆ. ಬೇರೆಡೆ ಇದಕ್ಕಾಗಿ ಆವಿ ತುಂಬಿದ ಪೆಟ್ಟಿಗೆ ಬೇಕು. ನಮ್ಮ ಆಷಾಢದಲ್ಲಿ ಕಿಟಕಿ ತೆರೆದಿಟ್ಟರೆ ಸಾಕು. ಆಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ನಲ್ಲಿ ನೀರಿನ ಲವಣ ಕಲೆ ಬಿಡುತ್ತದೆಂದು ಹಿಡಿದಿಟ್ಟ ಮಳೆನೀರನ್ನೇ ಬಳಸಿದರು. ಮೇಲಿನ ಸಡಿಲ ಪುಡಿಯನ್ನು ಮೃದುವಾದ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿ. ಪ್ರತಿ ಸುತ್ತಿಗೂ ಬಣ್ಣ ಗಾಢವಾಗುತ್ತದೆ. ಕೊನೆಗೆ ಹೊಳಪಿಲ್ಲದ, ಆಳವಾದ ನೀಲಿ-ಕಪ್ಪು. ಅವಸರದವರಿಗೆ ಹೇಳಿಸಿದ ಕೆಲಸವಲ್ಲ, ಅಗ್ಗವೂ ಅಲ್ಲ. ಆದರೆ ಬೆಸುಗೆ ಹಾಕಿದ ನಳಿಗೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ರೈಫಲ್ಲಿಗೆ ಇಷ್ಟು ಮುಲಾಜಿಲ್ಲ. ಒಂದೇ ನಳಿಗೆ, ಬೆಸುಗೆಯ ಪಟ್ಟಿ ಇಲ್ಲ. ತೋಟದ ಕೆಸರಿನಲ್ಲಿ, ಜೀಪಿನ ಹಿಂದೆ ಓಡಾಡುವಂಥದ್ದು. ಅದಕ್ಕೆ ಫಾಸ್ಫೇಟ್ ಹಾಕಿಸಿ, ಮೇಲೆ ಬೇಯಿಸುವ ಕಪ್ಪು ಸೆರಾಮಿಕ್ ಲೇಪ ಕೊಡಿಸಿದೆ. ಬ್ರಿಟಿಷ್ ಸೇನೆಯೂ ಎರಡನೇ ಮಹಾಯುದ್ಧದ ನಂತರ ತನ್ನ ರೈಫಲ್ಲುಗಳಿಗೆ ಫಾಸ್ಫೇಟಿನ ಮೇಲೆ ಕಪ್ಪು ಬಣ್ಣ ಬೇಯಿಸುತ್ತಿತ್ತು. ತೋಟೆಯನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಬೋಲ್ಟಿಗೆ ಲೇಪ ಬೇಡವೆಂದೆ. ಸೆರಾಮಿಕ್ ಪದರ ಸುಮಾರು 25 ಮೈಕ್ರಾನ್, ಜಾರುವ ಭಾಗಗಳಲ್ಲಿ ಅಷ್ಟೂ ಬಿಗಿಯಾದೀತು. ಆಮ್ಲದ ಸಹವಾಸದಿಂದ ಉಕ್ಕು ಪೆಡಸಾಗುವ ಅಪಾಯವಿರುವುದರಿಂದ ಸ್ಪ್ರಿಂಗುಗಳನ್ನೂ ಹೊರಗಿಟ್ಟೆವು.

ಯಾವ ಲೇಪವಾದರೂ ನಳಿಗೆಯ ಒಳಗಿನ ಕೆಲಸ ನಮ್ಮದೇ. ಹಳೆಯ ತೋಟೆಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನಲ್ಲಿ ಕ್ಲೋರೇಟ್ ಇರುತ್ತದೆ, ಹೊಡೆದ ಮೇಲೆ ಉಪ್ಪು ಉಳಿಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಮೊದಲು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತೇನೆ. ತೆಂಗಿನೆಣ್ಣೆ ಸಾಕೆನ್ನುವ ಹಿರಿಯರೊಡನೆ ನನಗೆ ಜಗಳವಿದೆ. ಅದು ಕಮಟುವಾಗಿ ಆಮ್ಲ ಬಿಡುತ್ತದೆ, ಮಡಿಕೇರಿಯ ಚಳಿಗೆ ಗಟ್ಟಿಯಾಗಿ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ಎಷ್ಟೋ ಮೇಲು.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ಪೂಜೆಯಲ್ಲಿ ಕೋವಿಗೆ ಇಡುವ ಗಂಧದ ಬೊಟ್ಟು, ಬಾಯಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವಿನ ತೊಟ್ಟು ಎರಡರಲ್ಲೂ ನೀರಿದೆ. ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಮೊದಲು ಹೂವು ತೆಗೆದು ನಳಿಗೆಯ ಒಳಗೆ ಬೆಳಕು ಹಾಯಿಸಿ ನೋಡುತ್ತೇನೆ; ಬೊಟ್ಟನ್ನು ಅಂದು ಸಂಜೆಯೇ ಒರೆಸುತ್ತೇನೆ. ಬಟ್ಟೆಯ ಚೀಲದಲ್ಲಿ ಕೋವಿ ಇಡುವುದನ್ನು ಬಿಟ್ಟೇಬಿಟ್ಟೆ, ಬೀಗ ಹಾಕುವ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ ಹಿಂದಿನ ರಾತ್ರಿ ಗ್ರೀಸನ್ನು ದಪ್ಪವಾಗಿ ಮೆತ್ತುತ್ತೇನೆ. ರಸೀದಿಗೆ ಜಿಡ್ಡಾಗುತ್ತದೆಂದು ಅಲ್ಲಿನವರು ಮುಖ ಸಿಂಡರಿಸಿದರೆ ಸಿಂಡರಿಸಲಿ.