ಆರ್‌ಎಕ್ಸ್ 100ರ ನಿಜವಾದ ವರ್ಷ: ನಾನು ಹಿಡಿದ ದಾರಿ

ನನ್ನ ಯಮಹಾ ಆರ್‌ಎಕ್ಸ್ 100 ಬೈಕಿನ ಆರ್‌ಸಿಯಲ್ಲಿ 1987. ಮಾರಿದವರ ಬಾಯಲ್ಲಿ '85ರ ಮಾಡೆಲ್, ಫಸ್ಟ್ ಬ್ಯಾಚ್'. ಗಾಡಿ ನೋಡಿದ ಮೆಕ್ಯಾನಿಕ್‌ಗಳ ಪೈಕಿ ಒಬ್ಬರು 88 ಅಂದರು, ಇನ್ನೊಬ್ಬರು 89. ಕೊನೆಗೆ ಸಿಕ್ಕ ಉತ್ತರ 1986ರ ಅಕ್ಟೋಬರ್ ಅಥವಾ ನವೆಂಬರ್. 'ಇಷ್ಟು ಹಳೇ ಗಾಡಿಯಲ್ಲಿ ಸಾಮಾನೆಲ್ಲ ಬದಲಾಗಿರುತ್ತೆ, ಅದರ ಮೇಲಿನ ತಾರೀಖು ನಂಬಿಕೊಂಡು ವರ್ಷ ಹೇಳೋಕಾಗಲ್ಲ' ಅಂದವರೇ ಈಗ ತಮ್ಮ ಗಾಡಿ ನೋಡಲು ಕರೆಯುತ್ತಿದ್ದಾರೆ.

ಮೊದಲು ಕೈಸುಟ್ಟುಕೊಂಡದ್ದು ಹೇಳಿಬಿಡುತ್ತೇನೆ. ಚಾಸಿಸ್ ನಂಬರ್ ಕೊಟ್ಟರೆ ವರ್ಷ ಹೇಳುತ್ತೇನೆಂದವರಿಗೆ ಸುಮಾರು 1,500 ರೂಪಾಯಿ ಹೋಯಿತು. 17 ಅಕ್ಷರದ ನಂಬರಿನಲ್ಲಿ 10ನೆಯದು ವರ್ಷ ಅನ್ನುವ ಲೆಕ್ಕ ಈ ಗಾಡಿಗೆ ಕೂಡುವುದೇ ಇಲ್ಲ, ಇದರ ನಂಬರ್ ಅಷ್ಟು ಉದ್ದವೇ ಇಲ್ಲ. 1ಎಲ್1 ಅನ್ನುವ ಮಾಡೆಲ್ ಗುರುತು ಆದಮೇಲೆ ಬರುವುದು ಕ್ರಮಸಂಖ್ಯೆ. ವರ್ಷ ಗೊತ್ತಾಗುವ ಮೊದಲೇ '85ರ ಒರಿಜಿನಲ್ ಮೀಟರ್' ಅಂತ ಮೂರೂವರೆ ಸಾವಿರದ ಹತ್ತಿರ ಕೊಟ್ಟದ್ದು ಎರಡನೇ ತಪ್ಪು. ಬಿಚ್ಚಿ ನೋಡಿದರೆ ಹಿಂಬದಿಯ ಮುದ್ರೆ 90ರ ದಶಕದ್ದು. ಟೈರಿನ ತಾರೀಖು ಈ ಕೆಲಸಕ್ಕೆ ಬರುವುದಿಲ್ಲ, ಅದು ಸವೆದಾಗ ಬದಲಾಗುವ ಸಾಮಾನು.

ಎರಡು ಗಡಿ ಮೊದಲೇ ಗೊತ್ತು. ಆರ್‌ಎಕ್ಸ್ 100 ಬಂದದ್ದು 1985ರ ನವೆಂಬರ್‌ನಲ್ಲಿ, ನಿಂತದ್ದು 1996ರ ಮಾರ್ಚ್‌ನಲ್ಲಿ. ಅಂದರೆ 85ರಲ್ಲಿ ತಯಾರಾಗಿ ಮಾರಾಟಕ್ಕೆ ಸಿಕ್ಕದ್ದು ಎರಡೇ ತಿಂಗಳು. ಮಾರುವವರೆಲ್ಲರ ಹತ್ತಿರ 85ರದ್ದೇ ಇರಲು ಸಾಧ್ಯವಿಲ್ಲ. ನಮ್ಮ ರಾಜ್ಯದ ಗಾಡಿಯಾದರೆ ನಂಬರ್ ಪ್ಲೇಟೇ ಅರ್ಧ ಹೇಳುತ್ತದೆ. ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈನಲ್ಲಿ, ಕೆಎ ನಂಬರುಗಳು ಶುರುವಾದದ್ದು ಅದರ ನಂತರ. ಕೆಎ ನಂಬರ್ ಇಟ್ಟುಕೊಂಡು 'ಇಲ್ಲೇ ತಗೊಂಡ 86ರ ಗಾಡಿ' ಅಂದರೆ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಅಲ್ಲಿನ ನೋಂದಣಿ ದಾಖಲೆಯ ಪ್ರತಿ) ತೆಗೆಸಲೇಬೇಕು. ಹೊರರಾಜ್ಯದಿಂದ ಎನ್‌ಒಸಿ ಮೇಲೆ ಬಂದಿದ್ದರೆ ಆ ವಿವರ ಅದರಲ್ಲಿ ಸಿಗುತ್ತದೆ. ಬಿಡಿಭಾಗದ ಮೇಲಿನ ಕಂಪನಿ ಹೆಸರನ್ನೂ ಓದಿ. ಆಗ ಗಾಡಿ ತಯಾರಿಸುತ್ತಿದ್ದದ್ದು ಎಸ್ಕಾರ್ಟ್ಸ್. 'ಇಂಡಿಯಾ ಯಮಹಾ ಮೋಟಾರ್' ಎಂಬ ಹೆಸರು ಬಂದದ್ದು 2008ರಲ್ಲಿ. ಆ ಹೆಸರಿನ ಲೇಬಲ್ ಇರುವ ಭಾಗ ಅಸಲಿ ಯಮಹಾದ್ದೇ ಆದರೂ ಗಾಡಿ ಜೊತೆ ಹುಟ್ಟಿದ್ದಲ್ಲ.

ಬಿಚ್ಚುವ ಮೊದಲು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಎಮರಿ ಪೇಪರ್ ಬೇಡವೇ ಬೇಡ, ಅಕ್ಷರದ ಅಂಚು ಹೋದರೆ ನಾಳೆ ಆರ್‌ಟಿಒದಲ್ಲಿ ನಿಮ್ಮ ಮೇಲೇ ಅನುಮಾನ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಮೆತ್ತನೆ ಹಿತ್ತಾಳೆ ಬ್ರಷ್ ಆಡಿಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಕ್ಕೆ ಉಜ್ಜಿ. ಆಮೇಲೆ ಟಾರ್ಚನ್ನು ಪೂರ್ತಿ ಓರೆಯಾಗಿ ಹಿಡಿದು ನೋಡಿ. ಒಂದೇ ಅಂಕೆ ಎರಡು ಕಡೆ ಬಂದಿದ್ದರೆ ಎರಡರ ಆಕಾರವೂ ಒಂದೇ ಇರಬೇಕು. ಸುತ್ತಲಿನ ಲೋಹ ತಗ್ಗಾಗಿದ್ದರೆ ಅಲ್ಲಿಗೇ ಬಿಡಿ, ಆ ಗಾಡಿ ಬೇಡ.

ಇನ್ನು ಅಸಲು ಕೆಲಸ. ಮೀಟರ್, ಹೆಡ್‌ಲೈಟ್ ಡೂಮ್, ಇಂಡಿಕೇಟರ್, ಸೈಲೆನ್ಸರ್, ಕಾರ್ಬೊರೇಟರ್, ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ಎಲ್ಲರೂ ಬದಲಾಯಿಸುವ ಸಾಮಾನು, ಅವುಗಳಿಂದ ಶುರು ಮಾಡಬೇಡಿ. ಯಾರೂ ದುಡ್ಡು ಹಾಕದ ಭಾಗಗಳಿಗೆ ಹೋಗಿ. ಬ್ರೇಕ್ ಪ್ಲೇಟಿನ (ಚಕ್ರದ ಬ್ರೇಕ್ ಡ್ರಮ್ ಮುಚ್ಚುವ ತಟ್ಟೆ) ಒಳಬದಿ, ಹಬ್, ಆಯಿಲ್ ಟ್ಯಾಂಕಿನ ಹಿಂಬದಿ, ಟೇಲ್ ಲ್ಯಾಂಪ್ ಕೂರುವ ಬೇಸ್, ಹ್ಯಾಂಡಲ್ ಸ್ವಿಚ್ಚಿನ ಒಳಗಿನ ಗೋಡೆ, ವೈರಿಂಗ್ ಕಿಟ್‌ಗೆ ಸುತ್ತಿದ ಚೀಟಿ. ಕ್ಲಚ್ ಕವರಿನ ಒಳಬದಿಯನ್ನು ಕ್ಲಚ್ ಪ್ಲೇಟ್ ಹಾಕಿಸುವ ದಿನಕ್ಕೆ ಇಟ್ಟುಕೊಳ್ಳಿ. ಸುಮ್ಮನೆ ಬಿಚ್ಚಿದರೆ ಪ್ಯಾಕಿಂಗ್ ಜೊತೆಗೆ 650 ಎಂಎಲ್ ಆಸುಪಾಸಿನ ಗೇರ್ ಆಯಿಲ್ ಖರ್ಚೂ ಬೀಳುತ್ತದೆ.

ಎಲ್ಲ ಭಾಗದಲ್ಲೂ ತಾರೀಖು ಇರುವುದಿಲ್ಲ. ಇದ್ದರೆ ಎರಡು ಥರ. ಒಂದು, ಹತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದಾದ ಅಚ್ಚಿನ ಗಡಿಯಾರ: ಸುತ್ತ 1ರಿಂದ 12, ನಡುವೆ ತಿಂಗಳು ತೋರಿಸುವ ಬಾಣ, ಬಾಣದ ಎರಡು ಬದಿಗೆ ವರ್ಷದ ಒಂದೊಂದು ಅಂಕೆ. ಇನ್ನೊಂದು, ಒಂದೊಂದು ವರ್ಷಕ್ಕೆ ಒಂದೊಂದು ಸಾಲು, ವರ್ಷದ ಪಕ್ಕ ಚುಕ್ಕಿ. ಇಲ್ಲಿ ಕೊನೇ ಸಾಲಿನ ಚುಕ್ಕಿ ಎಣಿಸಿದರೆ ತಿಂಗಳು. ಗ್ರೀಸ್ ತೆಗೆದು, ಬಿಳಿ ಸೀಮೆಸುಣ್ಣ ತಿಕ್ಕಿ, ಮೇಲೆ ಒಣಬಟ್ಟೆ ಎಳೆದರೆ ಗೆರೆಗಳು ಎದ್ದು ಕಾಣುತ್ತವೆ.

ನಾನು ಎರಡು ವಾರ ಕಳೆದುಕೊಂಡದ್ದು ಇಲ್ಲೇ. ಹಿಂದಿನ ಬ್ರೇಕ್ ಪ್ಲೇಟಿನಲ್ಲಿ 98 ಅಂತ ಓದಿ, 'ಗಾಡಿ ನಿಂತದ್ದೇ 96ರಲ್ಲಿ, ಇದು ಬದಲಾಯಿಸಿದ್ದು' ಅಂತ ಪಕ್ಕಕ್ಕಿಟ್ಟೆ. ಅದು 86. 86ನ್ನು ತಲೆಕೆಳಗೆ ಹಿಡಿದರೆ 98! ಬಾಣದ ಮೊನೆ ನೆಟ್ಟಗೆ ಮೇಲಕ್ಕೆ ಬರುವಂತೆ ಪ್ಲೇಟ್ ತಿರುಗಿಸಿ ಆಮೇಲೆ ವರ್ಷ ಓದಬೇಕು. ಈ ಒಂದು ತಪ್ಪಿನಿಂದ ಎಷ್ಟು ಒಳ್ಳೆ ಪ್ಲೇಟುಗಳು ಗುಜರಿಗೆ ಹೋಗಿವೆಯೋ!

ಲೆಕ್ಕ ಹೀಗೆ. ಒಂದು ಭಾಗದ ತಾರೀಖನ್ನು ನಂಬಬೇಡಿ. ಐದಾರು ತಾರೀಖು ನಾಲ್ಕೈದು ತಿಂಗಳೊಳಗೆ ಗುಂಪಾಗಿ ಸಿಗಬೇಕು. ಗುಂಪಿನಲ್ಲಿ ಎಲ್ಲಕ್ಕಿಂತ ಈಚಿನ ತಾರೀಖಿಗಿಂತ ಮೊದಲು ಗಾಡಿ ಜೋಡಣೆಯಾಗಿರಲು ಸಾಧ್ಯವಿಲ್ಲ, ನೋಂದಣಿಯ ದಿನಕ್ಕಿಂತ ಆಮೇಲೂ ಸಾಧ್ಯವಿಲ್ಲ. ನನ್ನದರಲ್ಲಿ ಟೇಲ್ ಬೇಸ್ 86ರ ಜೂನ್, ಎರಡೂ ಬ್ರೇಕ್ ಪ್ಲೇಟ್ ಆಗಸ್ಟ್, ಸ್ವಿಚ್ ಸೆಪ್ಟೆಂಬರ್, ವೈರಿಂಗ್ ಚೀಟಿ ಅಕ್ಟೋಬರ್. ನೋಂದಣಿ 87ರ ಜನವರಿ. ಒಂದು ಸೈಡ್ ಪ್ಯಾನೆಲ್ ಮಾತ್ರ 91, ಅದು ಯಾವಾಗಲೋ ಬಿದ್ದು ಒಡೆದು ಹೊಸದು ಹಾಕಿದ್ದು. ಉಳಿದ ಮೂರು ತಿಂಗಳನ್ನು ಇನ್ನೂ ಕಿರಿದು ಮಾಡಿದ್ದು ಚಾಸಿಸ್ ಕ್ರಮಸಂಖ್ಯೆ. ಒಬ್ಬರೇ ಮಾಲೀಕರು ಇಟ್ಟುಕೊಂಡ, ಮೊದಲ ಬಿಲ್ ಇರುವ ನಲವತ್ತರಷ್ಟು ಗಾಡಿಗಳ ನಂಬರ್ ಮತ್ತು ತಿಂಗಳು ಬರೆದು, ನನ್ನದು ಯಾವ ಎರಡರ ನಡುವೆ ಕೂರುತ್ತದೆ ನೋಡಿದೆ. ಆ ಪಟ್ಟಿಯನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಸುಳ್ಳು ನಂಬರ್ ಗುದ್ದುವವರಿಗೆ ಅದೇ ಕೈಪಿಡಿಯಾಗುತ್ತದೆ. ಪಟ್ಟಿ ಬೆಳೆದಮೇಲೆ ಬಿಲ್ ಮುಚ್ಚಿಟ್ಟು ಏಳೆಂಟು ಗಾಡಿಗಳ ತಿಂಗಳು ಹೇಳಿದೆ, ಒಂದು ಬಿಟ್ಟು ಉಳಿದವು ಎರಡು ತಿಂಗಳ ಅಂತರದೊಳಗೆ ಬಂದವು.

ನಡುವೆ ಬಣ್ಣದ ಪದರವನ್ನೂ ಪರೀಕ್ಷಿಸಿದೆ. ಟ್ಯಾಂಕಿನ ಅಡಿಯಲ್ಲಿ ನಾಣ್ಯದಗಲ ಜಾಗವನ್ನು 1000 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿದರೆ ಪದರಗಳು ಉಂಗುರದಂತೆ ಬಿಚ್ಚಿಕೊಳ್ಳುತ್ತವೆ. ಕಪ್ಪಿನ ಕೆಳಗೆ ಚೆರ್ರಿ ಕೆಂಪು ಸಿಕ್ಕಿತು, ಆ ಬಣ್ಣ ಈಗ ವಾಪಸ್ ಬಂದಿದೆ. ಆದರೆ ಟ್ಯಾಂಕೇ ಬೇರೆ ಗಾಡಿಯದ್ದಾಗಿರಬಹುದು, ಹಾಗಾಗಿ ವರ್ಷದ ಲೆಕ್ಕಕ್ಕೆ ಇದನ್ನು ಸೇರಿಸಲಿಲ್ಲ.

ಒಟ್ಟು ಖರ್ಚು ಏಳು ಸಾವಿರದೊಳಗೆ, ಅದರಲ್ಲಿ ಐದು ಸಾವಿರ ಮೇಲೆ ಹೇಳಿದ ಎರಡು ತಪ್ಪುಗಳಿಗೇ. '85' ಅನ್ನುವ ಮಾತಿಗೆ ಕೇಳಿದ್ದ ಹೆಚ್ಚುವರಿ 25,000 ರೂಪಾಯಿ ಉಳಿಯಿತು. ಆರ್‌ಸಿ ತಿದ್ದಿಸಲು ಹೋಗಲಿಲ್ಲ. ನವೀಕರಣದ ಲೆಕ್ಕ ನಡೆಯುವುದು ನೋಂದಣಿ ತಾರೀಖಿನ ಮೇಲೆ. ಪೆನ್ಸಿಲ್ ಪ್ರಿಂಟ್, ಐದು ಭಾಗಗಳ ಫೋಟೊ, ಬಿ ಎಕ್ಸ್‌ಟ್ರಾಕ್ಟ್ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಆರ್‌ಸಿ ಜೊತೆ ಇಟ್ಟಿದ್ದೇನೆ.