ಪರೀಕ್ಷೆಯ ಕನಸು ಬೆನ್ನು ಬಿಡುತ್ತಿಲ್ಲವಾ? ಹೀಗೆ ಮಾಡಿ ನೋಡಿ

ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಗಿರುತ್ತದೆ, ನಮ್ಮ ಮಕ್ಕಳೇ ಎಸ್ಸೆಸ್ಸೆಲ್ಸಿಗೆ ಬಂದಿರುತ್ತಾರೆ, ಆದರೂ ಕನಸಿನಲ್ಲಿ ಇವತ್ತೇ ಗಣಿತ ಪರೀಕ್ಷೆ, ಹಾಲ್ ಟಿಕೆಟ್ ಕಾಣುತ್ತಿಲ್ಲ, ಒಂದಕ್ಷರ ಓದಿಲ್ಲ. ಗಾಬರಿ ಬೇಡ, ಇದು ತುಂಬಾ ಜನಕ್ಕೆ ಬೀಳುವ ಕನಸು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕೂಡ ಇದರ ಬಗ್ಗೆ ಬರೆದಿದ್ದಾನೆ. ಫೇಲಾದ ಪರೀಕ್ಷೆಯಲ್ಲ, ಪಾಸಾದದ್ದೇ ಹೀಗೆ ಕಾಡುತ್ತದಂತೆ!

ಮೊದಲು ಅರ್ಥ ಹುಡುಕುವುದನ್ನು ಬಿಡಿ. ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಹಾವು ಕಂಡರೆ ನಾಗದೋಷ ಅನ್ನುವ ಪಟ್ಟಿಗಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತವೆ. ದೇವರಿಗೆ ಕೈ ಮುಗಿದು ಸಮಾಧಾನ ಆದರೆ ಒಳ್ಳೆಯದೇ, ಆದರೆ ಹೆದರಿಸಿ ದುಡ್ಡು ಕೀಳುವವರ ಹತ್ತಿರ ಮಾತ್ರ ಹೋಗಬೇಡಿ.

ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಮೊಬೈಲ್ ಬೇಡ, ವಾಟ್ಸಾಪ್ ನೋಡಿದರೆ ಕನಸು ಮರೆತೇ ಹೋಗುತ್ತದೆ. ಎಚ್ಚರ ಆದ ತಕ್ಷಣ ಏಳದೆ, ಕಣ್ಣು ಮುಚ್ಚಿಕೊಂಡೇ ಒಮ್ಮೆ ನೆನಪು ಮಾಡಿಕೊಂಡು ಆಮೇಲೆ ಬರೆಯಿರಿ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತಾರಲ್ವಾ? ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ, ಗಾಢವಾದ ಕನಸು ಬೀಳುವ ಆರ್‌ಇಎಂ ಹಂತ ಬೆಳಗಾಗುತ್ತಾ ಉದ್ದವಾಗುತ್ತದೆ, ಹಾಗಾಗಿ ಆ ಹೊತ್ತಿನದು ಜಾಸ್ತಿ ನೆನಪಿರುತ್ತದೆ, ಅಷ್ಟೇ.

ಕಥೆಗಿಂತ ಮುಂಚೆ, ಆಗ ಏನನ್ನಿಸಿತು ಅಂತ ಬರೆಯಿರಿ: ಅವಮಾನವಾ, ತಡವಾಯಿತು ಅನ್ನುವ ಚಡಪಡಿಕೆಯಾ? ಅದರ ಕೆಳಗೆ ಹಿಂದಿನ ದಿನ ಏನಾಯಿತು ಅಂತ ಒಂದು ಸಾಲು. ಸ್ವಲ್ಪ ದಿನ ಹೀಗೆ ಬರೆದು ಹಿಂದೆ ತಿರುಗಿಸಿ ನೋಡಿ. ಆಫೀಸಿನಲ್ಲಿ ಅಪ್ರೈಸಲ್, ಸಾಲದ ಕಂತು, ಮಗಳ ಮದುವೆ ಮಾತುಕತೆ... ಯಾರೋ ನಮ್ಮನ್ನು ಅಳೆಯುತ್ತಿದ್ದಾರೆ ಅನ್ನಿಸಿದ ದಿನಗಳಲ್ಲೇ ಪರೀಕ್ಷೆ ಬಂದಿದೆಯಾ? ನನ್ನ ಪ್ರಕಾರ ಅರ್ಥ ಇರುವುದು ಅಲ್ಲಿ.

ಗೊತ್ತಾದ ಮೇಲೂ ಬೀಳುತ್ತಿದ್ದರೆ ಕನಸನ್ನೇ ಬದಲಾಯಿಸಿ. ತಮಾಷೆ ಅಲ್ಲ, ಕೆಟ್ಟ ಕನಸುಗಳಿಗೆ ವೈದ್ಯರೇ ಹೇಳಿಕೊಡುವ ವಿಧಾನ ಇದು. ಹಗಲು ಹೊತ್ತು, ಪೂರ್ತಿ ಎಚ್ಚರ ಇರುವಾಗ, ಕನಸಿಗೆ ನಿಮಗಿಷ್ಟವಾದ ತಿರುವು ಕೊಟ್ಟು ಬರೆಯಿರಿ. ಮೇಷ್ಟ್ರು ಬಂದು 'ನೀನು ಆಗಲೇ ಪಾಸಾಗಿದ್ದೀಯಲ್ಲೋ, ಮನೆಗೆ ಹೋಗು' ಅನ್ನಲಿ. ಅದನ್ನು ದಿನಾ 10-20 ನಿಮಿಷ ಮನಸ್ಸಿನಲ್ಲೇ ಸಿನಿಮಾದ ಹಾಗೆ ಓಡಿಸಿ. ಹಳೆಯ ಕನಸನ್ನು ಮತ್ತೆ ಮತ್ತೆ ಓದಬೇಡಿ.

ಅಪಘಾತ, ಹಿಂಸೆಯಂಥದ್ದೇ ಮರುಕಳಿಸುತ್ತಿದ್ದರೆ ಒಬ್ಬರೇ ಒದ್ದಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬೀಸುವವರು, ಅದರಲ್ಲೂ ಐವತ್ತು ದಾಟಿದವರು, ನರರೋಗ ತಜ್ಞರನ್ನು ನೋಡಲೇಬೇಕು. ಬಿಪಿಯ ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುವುದುಂಟು. ಸುಮ್ನೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.