ಸವಾರನನ್ನು ಕತ್ತಿ ಹಿಡಿದು ಎತ್ತಬೇಡಿ

ನಾಟಿಂಗ್‌ಹ್ಯಾಮಿಗೆ ಹೊಸದಾಗಿ ಬಂದು, ಚಳಿಗಾಲದ ಸಂಜೆಗಳನ್ನು ಕಳೆಯುವ ಬಗೆ ತಿಳಿಯದೆ, ನೆಪೋಲಿಯನ್ ಕಾಲದ ಯುದ್ಧಗಳನ್ನು ಪುಟ್ಟ ಬೊಂಬೆಗಳಿಂದ ಆಡುವ ಕ್ಲಬ್ಬಿಗೆ ಸೇರಬಯಸುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅರ್ಜಿ, ವರ್ಷದ ಚಂದಾ, ಮಕ್ಕಳನ್ನು ಕರೆತರುವುದಾದರೆ ಅವರದೊಂದು ಫಾರಂ. ಇಷ್ಟನ್ನು ಮೊದಲ ವಾರವೇ ಮುಗಿಸಿಬಿಡಿ.

ಕಷ್ಟವಿರುವುದು ಕೈಯ ಅಭ್ಯಾಸದಲ್ಲಿ. ಮೊದಲ ದಿನ ನಾನು ನಮ್ಮೂರಿನ ಲೆಕ್ಕದಲ್ಲಿ ಮುಕ್ಕಾಲು ಗಂಟೆ ತಡವಾಗಿ ಹೋದೆ. ಏಳು ಮಂದಿ ಆಟ ಶುರುಮಾಡದೆ ಕಾಯುತ್ತಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ಒಯ್ದಿದ್ದ ಚಕ್ಕುಲಿ ಡಬ್ಬಿಯನ್ನು ಮೇಜಿನ ಮೇಲೆ ಹರಡಿದ್ದ ವಾಟರ್ಲೂ ರಣರಂಗದ ಪೈರಿನ ನಡುವೆಯೇ ತೆರೆದಿಟ್ಟು, ಎಣ್ಣೆ ಬೆರಳಿನಿಂದ ಫ್ರೆಂಚ್ ಸವಾರನೊಬ್ಬನನ್ನು ಕತ್ತಿ ಹಿಡಿದು ಎತ್ತಿದೆ. ಕತ್ತಿ ಬಾಗಿತು; ಎದೆಗವಚದ ಬೆಳ್ಳಿಬಣ್ಣದ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಮೂಡಿತು. 28 ಮಿಲಿಮೀಟರ್ ಅಳತೆಯ ಆ ಬೊಂಬೆಗೆ ಅದರ ಒಡೆಯರು ಎರಡು ಸಂಜೆ ಕುಳಿತು ಬಣ್ಣ ಹಚ್ಚಿದ್ದರಂತೆ. ಅವರು ಪರವಾಗಿಲ್ಲವೆಂದರು. ಇಲ್ಲಿಯವರ ಪರವಾಗಿಲ್ಲವೆಂಬ ಮಾತನ್ನು ಹಾಗೆಯೇ ನಂಬಿದ್ದು ನನ್ನ ಇನ್ನೊಂದು ತಪ್ಪು; ಮೂರು ವಾರ ನನ್ನ ಕೈಗೆ ಒಂದು ಕುದುರೆಯೂ ಬರಲಿಲ್ಲ. ಬೊಂಬೆಯನ್ನು ಪೀಠ ಹಿಡಿದೇ ಎತ್ತಿ, ತಿಂಡಿಯನ್ನು ಬೇರೆ ಮೇಜಿನಲ್ಲಿಡಿ, ಇಂಚಿನ ಟೇಪು ಸ್ವಂತದ್ದಿರಲಿ.

ಕುದುರೆ ಸಿಕ್ಕಾಗ, 1815ರ ಜೂನ್ 18ರ ಮಧ್ಯಾಹ್ನ ವಾಟರ್ಲೂವಿನಲ್ಲಿ ನೆಪೋಲಿಯನ್‌ನ ಸೇನಾನಿ ಮಾರ್ಷಲ್ ನೇ ಮಾಡಿದ್ದನ್ನೇ ನಾನೂ ಮಾಡಿದೆ. ಕಾಲಾಳುಗಳು ಚೌಕ ಕಟ್ಟಿ ನಿಂತರೆ ಬಯೊನೆಟ್ಟುಗಳ ಬೇಲಿಗೆ ಕುದುರೆ ನುಗ್ಗುವುದಿಲ್ಲ. ಒತ್ತಾಗಿ ನಿಂತ ಅಂಥ ಗುಂಪನ್ನು ಚದುರಿಸಲು ಫಿರಂಗಿಗಳೂ ಜೊತೆಯಲ್ಲಿ ಬರಬೇಕು. ನಾನು ಸವಾರರನ್ನಷ್ಟೇ ಅಟ್ಟಿ ಸೋತು, ಚೌಕಾಬಾರದಲ್ಲಿ ಜಗಳವಾಡುವಂತೆ ದಾಳ ಸರಿಯಾಗಿ ಬೀಳಲಿಲ್ಲವೆಂದು ಹಟ ಹಿಡಿದೆ. ಇಲ್ಲಿ ಅದು ನಡೆಯದು; ವಾದ ಬೆಳೆದರೆ ಇನ್ನೊಂದು ದಾಳ ಎಸೆದು ಅದು ಹೇಳಿದಂತೆ ಮುಂದುವರಿಯುತ್ತಾರೆ, ಮತ್ತು ಗೆದ್ದವರೇ ಮೊದಲು ಚಹಾ ತರಲು ಏಳುತ್ತಾರೆ.

ಕೆಲವು ತಿಂಗಳ ನಂತರ ಬ್ರಿಟಿಷರ 33ನೇ ರೆಜಿಮೆಂಟಿಗೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ವಾಟರ್ಲೂವಿನಲ್ಲಿ ಚೌಕ ಕಟ್ಟಿ ನಿಂತ ಇದೇ ದಳ, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ ದಿಕ್ಕು ತಪ್ಪಿ ಹಿಮ್ಮೆಟ್ಟಿತ್ತು. ಅಂದು ಅದನ್ನು ನಡೆಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ವಾಟರ್ಲೂವಿನಲ್ಲಿ ನೆಪೋಲಿಯನ್‌ನನ್ನು ಎದುರಿಸಿದವನು. ಅದೇ ಮೇಜಿನ ಮೇಲೆ ಸಾಲಾಗಿಟ್ಟ, ಬ್ರಿಟಿಷ್ ಸೇನೆಯ ಕಾಂಗ್ರೀವ್ ರಾಕೆಟ್ಟುಗಳ ಮೂಲವೂ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳೇ. ಮಂಡ್ಯದಲ್ಲಿ ಬೆಳೆದ ನಾನು ಶಾಲೆಯ ಪ್ರವಾಸದಲ್ಲಿ ಆ ಕೋಟೆಯ ಗೋಡೆಯ ಮೇಲೆ ಕುಳಿತು ಚಿತ್ರಾನ್ನ ತಿಂದಿದ್ದೆನೇ ಹೊರತು ಇದನ್ನೆಲ್ಲ ಕೇಳುವ ವ್ಯವಧಾನ ನನಗಿರಲಿಲ್ಲ.

ನನ್ನ ಮಗಳಿಗೆ ವಾಟರ್ಲೂ ರಣರಂಗದ ಹೂಗೊಮಾಂಟ್ ತೋಟದಮನೆಯ ಯಾವ ಬಾಗಿಲನ್ನು ಮೈಕೊಟ್ಟು ಮುಚ್ಚಿದರೆಂಬುದು ಗೊತ್ತು; ಕಾವೇರಿ ಶ್ರೀರಂಗಪಟ್ಟಣವನ್ನು ಎರಡೂ ಕಡೆಯಿಂದ ಬಳಸಿ ಹರಿಯುವುದನ್ನು ಮಾತ್ರ ಕಾಗದದ ಮೇಲೆ ಗೆರೆ ಎಳೆದು ತೋರಿಸಬೇಕಾಯಿತು. ಕಳೆದ ನವರಾತ್ರಿಯಲ್ಲಿ ಅವಳು 33ನೇ ರೆಜಿಮೆಂಟನ್ನು ತಂದು ಪಟ್ಟದ ಬೊಂಬೆಗಳ ಎದುರು ಸಾಲುಗಟ್ಟಿಸಿದಳು. "ರಾಜ ರಾಣಿಯ ಕಡೆಗೆ ಬಂದೂಕು ಹಿಡಿದವರನ್ನು ನಿಲ್ಲಿಸುತ್ತಾರೇನೇ?" ಎಂದು ಅವಳ ತಾಯಿ ಗದರಿದಾಗ, ಅವಳು ಒಂದೊಂದು ಸಿಪಾಯಿಯನ್ನೂ ಪೀಠ ಹಿಡಿದು ಎತ್ತಿ, ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು.